ಕಬ್ಬಿಣದ ಗಣಿ, ಪಾಳುಬಿದ್ದ ಊರು, ಒಂದೇ ಕ್ರಯ: ಈಗಲ್ ಮೌಂಟನ್‌ನಲ್ಲಿ ಬೆಲೆ ಇರೋದು ಯಾವುದಕ್ಕೆ?

[ದೃಶ್ಯ: ಮರಳುಗಾಡು. ಸಾಲು ಸಾಲು ಖಾಲಿ ಮನೆ. ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಅಗೆದ ಬೆಟ್ಟ.]

2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಊರಿಗೆ ಊರೇ ಕ್ರಯ ಆಯ್ತು. ಮನೆ, ರಸ್ತೆ, ಗಣಿ ಹೊಂಡ ಎಲ್ಲಾ ಸೇರಿ 2.25 ಕೋಟಿ ಡಾಲರ್. ಆಗಿನ ದರದಲ್ಲಿ ಸುಮಾರು 185 ಕೋಟಿ ರೂಪಾಯಿ. ಜಾಗ ಸುಮಾರು 10,000 ಎಕರೆ, ಅಂದ್ರೆ ಎಕರೆಗೆ ಎರಡು ಲಕ್ಷವೂ ಬೀಳಲಿಲ್ಲ. ಊರಿನ ಹೆಸರು ಈಗಲ್ ಮೌಂಟನ್. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ ಮೂರು ಕಡೆಯಿಂದ ಅದನ್ನ ಸುತ್ತುವರಿದಿದೆ.

ಅದಿರು ಮುಗಿದುಹೋಗಿದ್ದಕ್ಕೆ ಇಷ್ಟು ಅಗ್ಗವಾ? ಅಲ್ಲ. ಅದಿರು ಇನ್ನೂ ಇದೆ. ಅದನ್ನ ಕೊಳ್ಳೋರೇ ಇಲ್ಲ.

[ದೃಶ್ಯ: ನಕ್ಷೆ. ಗಣಿಯಿಂದ ಫಾಂಟಾನಾಗೆ ಕೆಂಪು ಗೆರೆ.]

ಎರಡನೇ ಮಹಾಯುದ್ಧದ ಹೊತ್ತಿಗೆ ಹೆನ್ರಿ ಕೈಸರ್ ಅನ್ನೋ ಉದ್ಯಮಿ ಲಾಸ್ ಏಂಜಲಿಸ್ ಕಡೆಯ ಫಾಂಟಾನಾ ಅನ್ನೋ ಊರಲ್ಲಿ ಉಕ್ಕಿನ ಕಾರ್ಖಾನೆ ಹಾಕಿದ್ರು. ಅದಕ್ಕೆ ಅದಿರು ಬೇಕಿತ್ತು, 1948ರಲ್ಲಿ ಇಲ್ಲಿ ಗಣಿ ಶುರುವಾಯ್ತು, ಜೊತೆಗೆ ಊರೂ ಎದ್ದಿತು. 400ಕ್ಕೂ ಹೆಚ್ಚು ಮನೆ, ಅಂಗಡಿ ಸಾಲು, ಶಾಲೆ, ಈಜುಕೊಳ. ತುಂಬಿದ ದಿನಗಳಲ್ಲಿ ಸುಮಾರು 4,000 ಜನ. ಮನೆ ಕಂಪನಿದು, ಕೆಲಸ ಕಂಪನಿದು. ಸುಮಾರು 50 ಮೈಲಿ ಉದ್ದದ ಸ್ವಂತ ರೈಲು ಹಳಿಯಲ್ಲಿ ಅದಿರು ಫೆರಂ ಅನ್ನೋ ಜಂಕ್ಷನ್‌ಗೆ ಹೋಗಿ, ಅಲ್ಲಿಂದ ಮುಖ್ಯ ಮಾರ್ಗ ಹಿಡೀತಿತ್ತು.

ಒಬ್ಬನೇ ಗಿರಾಕಿಯನ್ನ ನಂಬಿ ಕಟ್ಟಿದ ಗಣಿ ಇದು. ಆಮದು ಉಕ್ಕಿನ ಪೈಪೋಟಿಗೆ ಸಿಕ್ಕಿ 80ರ ದಶಕದ ಆರಂಭದಲ್ಲಿ ಫಾಂಟಾನಾದ ಕುಲುಮೆಗಳು ಆರಿದ್ವು, ಗಣಿಯೂ ನಿಂತಿತು. ಕೆಲಸ ಹೋದ ಮೇಲೆ ಊರಲ್ಲಿ ಉಳಿಯೋಕೆ ಕಾರಣವೇ ಇರಲಿಲ್ಲ. 2003ರ ಹಠಾತ್ ಪ್ರವಾಹದಲ್ಲಿ ರೈಲು ಹಳಿಯೂ ಅಲ್ಲಲ್ಲಿ ಕೊಚ್ಚಿಹೋಯ್ತು. ಈಗ ಅದಿರು ತೆಗೆದರೂ, ಅದನ್ನ ಸಾಗಿಸೋ ಖರ್ಚೇ ಲಾಭ ತಿಂದುಹಾಕುತ್ತೆ.

ಹಾಗಾದ್ರೆ ಬೆಲೆ ಯಾವುದಕ್ಕೆ? ಹೊಂಡಕ್ಕೆ. ಮುಚ್ಚಿದ ಮೇಲೆ ಬಂದ ದೊಡ್ಡ ಯೋಜನೆಗಳೆಲ್ಲ ಕಣ್ಣಿಟ್ಟಿದ್ದು ಆ ಗುಂಡಿಗಳ ಮೇಲೆ.

ಮೊದಲನೇದು ಕಸ. ಲಾಸ್ ಏಂಜಲಿಸ್ ಕಡೆಯಿಂದ ದಿನಕ್ಕೆ 20,000 ಟನ್ ಕಸವನ್ನ ರೈಲಲ್ಲಿ ತಂದು ಸುರಿಯೋ ಯೋಜನೆ. ಇದಕ್ಕೆ ಗಣಿ ಸುತ್ತಲಿನ ಸರ್ಕಾರಿ ಜಮೀನೂ ಬೇಕಿತ್ತು, ಹಾಗಾಗಿ ಜಮೀನು ಅದಲುಬದಲು ಒಪ್ಪಂದ ಆಯ್ತು. ಮುಗ್ಗರಿಸಿದ್ದು ಇಲ್ಲೇ. ಕಸದ ಗುಂಡಿಗೆ ಅಂತಲೇ ಕೊಡೋ ಜಾಗವನ್ನ, ಆ ಬಳಕೆಯನ್ನ ಲೆಕ್ಕಕ್ಕೇ ತಗೊಳ್ಳದೆ ಬೆಲೆ ಕಟ್ಟಿದ್ರು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನ ತಪ್ಪು ಅಂತು. ಕಸದಿಂದ ಬರೋ ಸಾರಜನಕ ಬರಡು ಮಣ್ಣಿಗೆ ಗೊಬ್ಬರವಾಗಿ ಬೀಳೋದರ ಪರಿಣಾಮವನ್ನೂ ಸರಿಯಾಗಿ ಪರಿಶೀಲಿಸಿಲ್ಲ ಅಂತು. ಇದು ಸಣ್ಣ ವಿಷಯ ಅಲ್ಲ. ಮರಳುಗಾಡಿನ ಗಿಡಗಳು ಸಾರವಿಲ್ಲದ ಮಣ್ಣಿಗೇ ಒಗ್ಗಿದವು. ಗೊಬ್ಬರ ಬಿದ್ದರೆ ಹೊರಗಿನ ಹುಲ್ಲು ಹಬ್ಬುತ್ತೆ, ಹುಲ್ಲು ಒಣಗಿದರೆ ಬೆಂಕಿಗೆ ದಾರಿ. 2013ರಲ್ಲಿ ಯೋಜನೆ ಕೈಬಿಟ್ಟರು.

[ದೃಶ್ಯ: ಮೇಲೊಂದು ಹೊಂಡ, ಕೆಳಗೊಂದು ಹೊಂಡ, ನಡುವೆ ಸುರಂಗದ ರೇಖಾಚಿತ್ರ.]

ಎರಡನೇದು ನೀರು. ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಕೇಳಿರ್ತೀರಿ, ಅದೇ ತತ್ವ. ಕರೆಂಟು ಅಗ್ಗವಾಗಿ ಸಿಗೋ ಹೊತ್ತಲ್ಲಿ ನೀರನ್ನ ಮೇಲಿನ ಹೊಂಡಕ್ಕೆ ಎತ್ತೋದು, ಬೇಡಿಕೆ ಏರಿದಾಗ ಕೆಳಗಿನ ಹೊಂಡಕ್ಕೆ ಬಿಟ್ಟು ಟರ್ಬೈನ್ ತಿರುಗಿಸೋದು. ಇಲ್ಲಿ ಎರಡು ಹೊಂಡದ ನಡುವಿನ ಎತ್ತರ ಸುಮಾರು 1,400 ಅಡಿ. ಅಷ್ಟು ಎತ್ತರದಿಂದ ಸಾವಿರ ಲೀಟರ್ ನೀರು ಬಿದ್ದರೆ ಹೆಚ್ಚುಕಡಿಮೆ ಒಂದು ಯೂನಿಟ್ ಸಿಗುತ್ತೆ. ವಾಪಸ್ ಎತ್ತೋಕೆ ಒಂದು ಯೂನಿಟ್‌ಗಿಂತ ಜಾಸ್ತಿ ಬೇಕು. ಹಾಗಾಗಿ ಇದು ವಿದ್ಯುತ್ ಹುಟ್ಟಿಸೋ ಸ್ಥಾವರ ಅಲ್ಲ, ಕೂಡಿಡೋ ಉಗ್ರಾಣ. 1,300 ಮೆಗಾವ್ಯಾಟ್‌ಗೆ 2014ರಲ್ಲಿ ಕೇಂದ್ರ ಪರವಾನಗಿ ಸಿಕ್ಕಿತು.

ತೊಡಕು ನೀರಿನದೇ. ಮೊದಲ ಸಲ ತುಂಬೋಕೇ ಒಂದು ಟಿಎಂಸಿ ಆಸುಪಾಸು ಬೇಕು, ಅದೂ ಅಂತರ್ಜಲದಿಂದ. ಆಮೇಲೂ ಬಿಸಿಲಿಗೆ ಆರಿದ್ದನ್ನ, ತಳದಲ್ಲಿ ಇಂಗಿದ್ದನ್ನ ಪ್ರತಿವರ್ಷ ತುಂಬ್ತಾ ಇರಬೇಕು. ಹೊಂಡದ ಗೋಡೆಯ ಬಂಡೆಯಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ನೀರು, ಗಾಳಿ ತಾಗಿ ಆಮ್ಲ ಹುಟ್ಟುತ್ತೆ. ಲಾಸ್ ಏಂಜಲಿಸ್ ಸೀಮೆಗೆ ಕುಡಿಯೋ ನೀರು ಒಯ್ಯೋ ಕೊಲರಾಡೋ ನದಿ ಕಾಲುವೆ ಹತ್ತಿರದಲ್ಲೇ ಹಾದುಹೋಗುತ್ತೆ. ನಮ್ಮ ಪ್ರಕಾರ ಇಲ್ಲಿ ಅತಿ ಗಂಭೀರವಾಗಿ ತಗೋಬೇಕಾದ ಅಪಾಯ ಇದೇ.

[ದೃಶ್ಯ: ಹಳೇ ಮನೆಯೊಳಗೆ ಸಿಪ್ಪೆ ಎದ್ದ ಬಣ್ಣ, ಒಡೆದ ನೆಲಹಾಸು.]

ಇಂಥ ಆಸ್ತಿ ಕೊಳ್ಳೋರು ಏನು ನೋಡ್ತಾರೆ? ಮನೆಗಳನ್ನಂತೂ ಅಲ್ಲ. ಅಮೆರಿಕದಲ್ಲಿ 1978ಕ್ಕೆ ಮುಂಚೆ ಕಟ್ಟಿದ ಮನೆ ಅಂದ್ರೆ ಬಣ್ಣದಲ್ಲಿ ಸೀಸ ಇರಬಹುದು, ಹಳೇ ನೆಲಹಾಸಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಎಷ್ಟೋ ಸಲ ರಿಪೇರಿಗಿಂತ ಕೆಡವೋದೇ ಸಲೀಸು, ಆದರೆ ಕಲ್ನಾರು ಇದ್ದರೆ ಕೆಡವೋದಕ್ಕೂ ಬೇರೆ ನಿಯಮ, ಬೇರೆ ಖರ್ಚು.

ನೆಲದ ಮಾಲಿನ್ಯ ಇನ್ನೂ ಭಾರಿ. ಅಲ್ಲಿ ವಿಷಮಾಲಿನ್ಯ ತೊಳೆಸೋಕೆ ಅಂತ ಇರೋ 1980ರ ಸೂಪರ್‌ಫಂಡ್ ಕಾನೂನಿನ ಪ್ರಕಾರ, ವಿಷ ಸುರಿದವರು ಯಾರೇ ಆಗಿರಲಿ, ಇವತ್ತಿನ ಮಾಲೀಕನ ಮೇಲೂ ಹೊಣೆ ಬರುತ್ತೆ. ರಕ್ಷಣೆ ಬೇಕು ಅಂದ್ರೆ ಕ್ರಯಕ್ಕೆ ಮುಂಚೆಯೇ ಮೊದಲ ಹಂತದ ಪರಿಸರ ತಪಾಸಣೆ ಆಗಿರಬೇಕು. ಅದರಲ್ಲಿ ಸ್ಥಳ ಪರಿಶೀಲನೆ, ಸರ್ಕಾರಿ ದಾಖಲೆಗಳ ಹುಡುಕಾಟದಂಥ ಭಾಗಗಳು ಕ್ರಯದ ದಿನಕ್ಕೆ 180 ದಿನ ದಾಟಿರಬಾರದು. ದಾಟಿದ್ದರೆ ಮತ್ತೆ ಮಾಡಿಸಬೇಕು.

ಕೊನೆಗೆ ಕಾಗದಪತ್ರ. ನಾವು ಸೈಟ್ ತಗೊಳ್ಳೋಕೆ ಮುಂಚೆ ಇಸಿ ತೆಗೆಸ್ತೀವಲ್ಲ, ಅಲ್ಲೂ ಹಾಗೇ. ಗಣಿ ಜಮೀನಲ್ಲಿ ಎರಡು ಬಗೆ. ಒಂದರಲ್ಲಿ ಸರ್ಕಾರ ನೆಲವನ್ನೇ ಪೂರ್ತಿ ಬರೆದುಕೊಟ್ಟಿರುತ್ತೆ. ಇನ್ನೊಂದರಲ್ಲಿ ನೆಲ ಸರ್ಕಾರದ್ದೇ, ಅಗೆಯೋ ಹಕ್ಕು ಮಾತ್ರ ನಿಮ್ಮದು; ಪ್ರತಿವರ್ಷ ಸೆಪ್ಟೆಂಬರ್ 1ರೊಳಗೆ ಶುಲ್ಕ ಕಟ್ಟದಿದ್ದರೆ ಆ ಹಕ್ಕೂ ಹೋಯ್ತು.

ಈಗಲ್ ಮೌಂಟನ್ ಪತ್ರದಲ್ಲಿ ಇವೆರಡಕ್ಕೂ ಮೀರಿದ ಗಂಟೊಂದಿತ್ತು. 1952ರಲ್ಲಿ ಊರಿನ ಸುಮಾರು 460 ಎಕರೆ ಕಂಪನಿಗೆ ಸಿಕ್ಕಿದ್ದು ಷರತ್ತಿನ ಮೇಲೆ: ಸತತ ಏಳು ವರ್ಷ ಗಣಿಗಾರಿಕೆಗೆ ಬಳಸದಿದ್ದರೆ ಜಾಗ ವಾಪಸ್ ಸರ್ಕಾರಕ್ಕೆ. ಆ ಷರತ್ತು ಬಿಡಿಸಿಕೊಳ್ಳೋದೂ ಜಮೀನು ಅದಲುಬದಲಿನ ಭಾಗವೇ ಆಗಿತ್ತು, ಕೋರ್ಟ್ ರದ್ದು ಮಾಡಿದ್ದು ಅದೇ ಅದಲುಬದಲನ್ನ.