ಬರೆದುಕೊಟ್ಟ ಮಾತು, ತಾನೇ ಆಡಿದ ಮಾತು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬದಿಯಡ್ಕ, ಪೆರ್ಲ, ನೀರ್ಚಾಲು, ಕುಂಬಳೆ ಕಡೆಗಳಿಂದ ಬಂದಿರುವ ಬಂಧುಗಳೇ,

ಸಿನಿಮಾ ರಂಗದ ಹೆಣ್ಣುಮಕ್ಕಳು ಬಾಯಿ ಬಿಟ್ಟಾಗ ಸಮಾಜ ಅವರೊಂದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ತಾಳಮದ್ದಳೆಯಿಂದ, ಅಂದರೆ ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ, ಆರಂಭಿಸುತ್ತೇನೆ. ಹೆಣ್ಣಿನ ಖಾರವಾದ ಮಾತನ್ನು ಮೆಚ್ಚಿ ಕೇಳುವುದನ್ನು ಕಾಸರಗೋಡಿನ ಈ ಸೀಮೆಯ ನಾವು ಕಲಿತದ್ದೇ ಅಲ್ಲಿ.

‘ಭೀಷ್ಮ ವಿಜಯ’ ಪ್ರಸಂಗದ ಅಂಬೆಯನ್ನು ನೆನಪಿಸಿಕೊಳ್ಳಿ. ನನ್ನ ಒಪ್ಪಿಗೆ ಕೇಳದೆ ರಥಕ್ಕೆ ಹತ್ತಿಸಿಕೊಂಡು ಬಂದೆಯಲ್ಲ, ಸಾಲ್ವನಿಗೆ ನಾನೀಗ ಬೇಡವಾದೆ, ನಿನ್ನ ಪ್ರತಿಜ್ಞೆಯ ಬೆಲೆಯನ್ನು ನಾನೇಕೆ ತೆರಬೇಕು ಎಂದು ಅವಳು ಭೀಷ್ಮನನ್ನೇ ನಿಲ್ಲಿಸಿ ಕೇಳುತ್ತಾಳೆ. ‘ಕೃಷ್ಣ ಸಂಧಾನ’ದಲ್ಲಿ ದ್ರೌಪದಿ ಬಿಚ್ಚಿದ ಮುಡಿಯನ್ನು ತೋರಿಸಿ, ನಿಮ್ಮ ಸಂಧಿಯಲ್ಲಿ ಇದಕ್ಕೇನು ಉತ್ತರವಿದೆ ಎನ್ನುತ್ತಾಳೆ. ಸಮರ್ಥ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಸಿಕ್ಕಿದರೆ ಈ ವಾದ ಬಹಳ ಹೊತ್ತು ಬೆಳೆಯುತ್ತದೆ. ಸಭೆ ತಲೆದೂಗುತ್ತದೆ. ಅಂಬೆ ಭೀಷ್ಮನನ್ನು ಕಟ್ಟಿಹಾಕಿಬಿಟ್ಟಳು ಎಂದು ಮರುದಿನ ಅಂಗಡಿಯ ಜಗಲಿಯಲ್ಲಿ ಮಾತಾಗುತ್ತದೆ. ಹಿರಿಯರ ಎದುರು ದನಿ ಎತ್ತಿದಳೆಂದು ಅಂಬೆಯನ್ನು ಅಹಂಕಾರಿ ಎಂದವರನ್ನು ನಾನು ಕಂಡಿಲ್ಲ.

ಆ ಅರ್ಥವನ್ನು ತಲೆಮಾರುಗಳ ಕಾಲ ಹೇಳಿದವರು ಗಂಡಸರು. ಇದನ್ನು ಕಲೆಯ ಮೇಲಿನ ದೂರಾಗಿ ಹೇಳುತ್ತಿಲ್ಲ. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಕುಂಬಳೆ ಸುಂದರ ರಾಯರೂ ಬೆಳೆದ ನೆಲದಲ್ಲಿ ನಿಂತು ಅಂಥ ದೂರು ಹೇಳುವ ಮನಸ್ಸು ನನಗಿಲ್ಲ. ಇಂದು ಹೆಣ್ಣುಮಕ್ಕಳ ತಾಳಮದ್ದಳೆ ತಂಡಗಳೂ ಇವೆ, ಅವು ಹೆಚ್ಚಬೇಕು. ನನ್ನ ಪ್ರಶ್ನೆ ಬೇರೆ. ಗಂಡಿನ ಬಾಯಿಂದ ಬಂದಾಗ ನಾವು ತಲೆದೂಗಿದ ಅದೇ ಮಾತನ್ನು ಹೆಣ್ಣೊಬ್ಬಳು ತನ್ನ ಹೆಸರಿನಲ್ಲಿ, ತನ್ನ ಬದುಕಿನ ಕುರಿತು ಆಡಿದಾಗ ನಮಗೆ ಏಕೆ ಸಹಿಸಲಾಗುವುದಿಲ್ಲ?

ಸಿನಿಮಾದಲ್ಲೂ ಇದೇ ನಡೆಯುತ್ತದೆ. ನಾಯಕಿ ಪರದೆಯ ಮೇಲೆ ದುಷ್ಟನ ಕೆನ್ನೆಗೆ ಬಾರಿಸಿ ನಾಲ್ಕು ಮಾತು ಬೈದರೆ ಶಿಳ್ಳೆ ಬೀಳುತ್ತದೆ. ಅದು ಬರೆದುಕೊಟ್ಟ ಮಾತು. ಹಲವು ಸಲ ದನಿಯೂ ನಾಯಕಿಯದಲ್ಲ, ಡಬ್ಬಿಂಗ್ ಕಲಾವಿದೆಯದು. ಹೀಗೆ ದನಿ ಕೊಟ್ಟು ಹೆಸರಾದ ಇಬ್ಬರು ಹೆಂಗಸರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗಾಯಕಿಯೂ ಡಬ್ಬಿಂಗ್ ಕಲಾವಿದೆಯೂ ಆದ ಚಿನ್ಮಯಿ ಶ್ರೀಪಾದ 2018ರ ಅಕ್ಟೋಬರಿನಲ್ಲಿ ಗೀತರಚನಕಾರ ವೈರಮುತ್ತು ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಅದನ್ನು ನಿರಾಕರಿಸಿದರು. ಆ ತಿಂಗಳು ತಮಿಳುನಾಡಿನ ಚಿತ್ರಮಂದಿರಗಳಲ್ಲಿ ನಟಿ ತ್ರಿಶಾ ಅವರ ಪಾತ್ರಕ್ಕೆ ಚಿನ್ಮಯಿಯ ದನಿ ಕೇಳಿ ಜನ ಕಣ್ಣೀರು ಹಾಕುತ್ತಿದ್ದರು. ಮರುತಿಂಗಳೇ ಡಬ್ಬಿಂಗ್ ಕಲಾವಿದರ ಸಂಘ ಅವರ ಸದಸ್ಯತ್ವವನ್ನು ರದ್ದು ಮಾಡಿತು. ಕೊಟ್ಟ ಕಾರಣ ಚಂದಾ ಬಾಕಿ. ಅಳುವ ನಾಯಕಿಗಾಗಿ ಬೇಕಾಗಿದ್ದ ಕಂಠ, ತನಗಾದ ನೋವನ್ನು ಹೇಳಿದಾಗ ಬೇಡವಾಯಿತು.

ಇನ್ನೊಬ್ಬರು ಭಾಗ್ಯಲಕ್ಷ್ಮಿ. ಮಲಯಾಳಂ ಚಿತ್ರಗಳನ್ನು ನೋಡಿ ಬೆಳೆದ ಇಲ್ಲಿಯ ಯಾರಿಗೂ ಆ ದನಿಯನ್ನು ಪರಿಚಯಿಸಬೇಕಾಗಿಲ್ಲ. ಎಷ್ಟೋ ನಾಯಕಿಯರು ಆ ಕಂಠದಲ್ಲೇ ಮಾತನಾಡಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನಲ್ಲಿ ಹೆಂಗಸರ ಬಗ್ಗೆ ಅಶ್ಲೀಲವಾಗಿ ಮಾತನಾಡುತ್ತಿದ್ದ ಒಬ್ಬನ ಕೋಣೆಗೆ ಅವರೂ ಇನ್ನಿಬ್ಬರು ಮಹಿಳೆಯರೂ ಹೋಗಿ, ಅವನ ಮೇಲೆ ಕಪ್ಪು ಎಣ್ಣೆ ಸುರಿದು ಕೈ ಮಾಡಿದರು. ದೂರು ಕೊಟ್ಟರೂ ಪೊಲೀಸರು ಕದಲಲಿಲ್ಲ ಎಂಬುದು ಅವರ ಮಾತು. ಕೈ ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಪೊಲೀಸರು ಮೊದಲು ಹಾಕಿದ ಕಲಮುಗಳನ್ನು ನೋಡಿ: ಹೆಂಗಸರ ಮೇಲೆ ಜಾಮೀನುರಹಿತ ಪ್ರಕರಣ, ಅವನ ಮೇಲೆ ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ. ಜನ ಕೆರಳಿದ ಮೇಲೆಯೇ ಅವನ ಮೇಲಿನ ಕಲಮುಗಳು ಬಿಗಿಯಾದವು. ಮುಂದೆ ನವೆಂಬರಿನಲ್ಲಿ ಕೇರಳ ಸರ್ಕಾರ ಪೊಲೀಸ್ ಕಾಯ್ದೆಗೆ, ಅವಹೇಳನಕಾರಿ ಮಾತಿಗೆ ಶಿಕ್ಷೆ ವಿಧಿಸುವ 118ಎ ಎಂಬ ಕಲಮನ್ನು ಸೇರಿಸಲು ಸುಗ್ರೀವಾಜ್ಞೆ ತಂದಿತು. ಅದು ಎಲ್ಲರ ಬಾಯಿಗೂ ಬೀಗ ಹಾಕುವಷ್ಟು ವಿಶಾಲವಾಗಿತ್ತು, ವಿರೋಧ ಬಂದು ಹಿಂದೆ ಸರಿಯಬೇಕಾಯಿತು. ಇದ್ದ ಕಾನೂನನ್ನು ಹೊತ್ತಿಗೆ ಸರಿಯಾಗಿ ಬಳಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ನಾವು ಗಡಿಯವರು. ನಮ್ಮ ಮನೆಗೆ ಕನ್ನಡ ಪತ್ರಿಕೆಯೂ ಬರುತ್ತದೆ, ಮಲಯಾಳಂ ಪತ್ರಿಕೆಯೂ ಬರುತ್ತದೆ. ಮಕ್ಕಳ ಮೊಬೈಲಿನಲ್ಲಿ ಎರಡೂ ಭಾಷೆಯ ಸಿನಿಮಾ ಸುದ್ದಿ ಓಡುತ್ತಿರುತ್ತದೆ. ಆದ್ದರಿಂದ, ಕೇರಳದವರು ಪ್ರಜ್ಞಾವಂತರು ಎಂದೋ ಕರ್ನಾಟಕದವರು ಸೌಮ್ಯರು ಎಂದೋ ಹೇಳಿಕೊಂಡು ಸಮಾಧಾನಪಡುವ ಅವಕಾಶ ನಮಗಿಲ್ಲ. ಎರಡೂ ಕಡೆಯ ಬೈಗುಳಗಳು ನಮಗೆ ಅರ್ಥವಾಗುತ್ತವೆ.

2018ರ ಜನವರಿಯಲ್ಲಿ ನಟಿ ರೀಮಾ ಕಲ್ಲಿಂಗಲ್ ತಿರುವನಂತಪುರದ ಒಂದು ವೇದಿಕೆಯಲ್ಲಿ ತಮ್ಮ ಬಾಲ್ಯದ ಊಟದ ಮೇಜನ್ನು ನೆನೆದರು. ಹನ್ನೆರಡು ವರ್ಷದ ಹುಡುಗಿ. ಹುರಿದ ಮೀನು ಮನೆಯ ಹಿರಿಯರಿಗೆ ಮತ್ತು ಗಂಡಸರಿಗೆ ಬಿತ್ತು, ತನಗೆ ಬೀಳಲಿಲ್ಲ. ಯಾಕೆ ಎಂದು ಅತ್ತು ಕೇಳಿದಳು. ತನ್ನೊಳಗೆ ಪ್ರಶ್ನೆ ಹುಟ್ಟಿದ್ದು ಅಂದು ಎಂದರು ರೀಮಾ. ಅವರು ಅಲ್ಲಿ ಸಿನಿಮಾದೊಳಗಿನ ಅಸಮಾನತೆಯ ಬಗ್ಗೆಯೂ ಮಾತನಾಡಿದ್ದರು. ಜನ ಹಿಡಿದುಕೊಂಡದ್ದು ಮೀನನ್ನು. ಮೀನಿನ ಚಿತ್ರ, ಮೀನಿನ ಹಾಸ್ಯ, ಅವರು ಏನು ಬರೆದರೂ ಕೆಳಗೆ ಮೀನು. ಒಂದು ತುಂಡು ಮೀನಿಗಾಗಿ ಅಳುವವಳು ಎಂಬ ಹಣೆಪಟ್ಟಿ.

ಈ ಸಭೆಯಲ್ಲಿರುವ ತಾಯಂದಿರನ್ನು ಕೇಳುತ್ತೇನೆ. ಅದು ಒಂದು ತುಂಡು ಮೀನಿನ ಮಾತಾಗಿತ್ತೇ? ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಅನ್ನ ಕಲಸಿಕೊಂಡವರು ನೀವು. ಮೀನು ಬೇಯಿಸುವ ಮನೆಯಲ್ಲಿ ಮೀನು, ಬೇಯಿಸದ ಮನೆಯಲ್ಲಿ ಗಟ್ಟಿ ಮೊಸರು. ಆ ಹುಡುಗಿ ಕೇಳಿದ್ದು ನಮ್ಮ ಪ್ರತಿಯೊಂದು ಅಡುಗೆಮನೆಯಲ್ಲೂ ಯಾರಾದರೂ ಒಬ್ಬಳು ನುಂಗಿಕೊಂಡ ಪ್ರಶ್ನೆಯನ್ನು. ಇದೇ ನೆನಪನ್ನು ಗಂಡು ಸಾಹಿತಿಯೊಬ್ಬ ತನ್ನ ಅಕ್ಕನ ಕುರಿತು ಬರೆದಿದ್ದರೆ ಅದನ್ನು ಎದೆಗೊತ್ತಿಕೊಂಡು ಓದುತ್ತಿದ್ದೆವು, ಪಠ್ಯಪುಸ್ತಕಕ್ಕೂ ಸೇರಿಸುತ್ತಿದ್ದೆವು.

ಅದಕ್ಕೆ ಒಂದು ತಿಂಗಳ ಹಿಂದೆ, 2017ರ ಡಿಸೆಂಬರಿನಲ್ಲಿ, ಕೇರಳದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ನಟಿ ಪಾರ್ವತಿ ತಿರುವೋತ್ ಒಬ್ಬ ಮೇರುನಟನ ಚಿತ್ರದಲ್ಲಿದ್ದ ಹೆಣ್ಣನ್ನು ಹೀನಾಯಿಸುವ ಸಂಭಾಷಣೆಯನ್ನು ಟೀಕಿಸಿದ್ದರು. ಬೆದರಿಕೆಗಳು ಬಂದವು, ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು, ಬಂಧನಗಳೂ ಆದವು. ಆ ವರ್ಷದ ಅತ್ಯುತ್ತಮ ನಟಿ ಎಂಬ ರಾಜ್ಯ ಪ್ರಶಸ್ತಿ ಬಂದದ್ದು ಅವರಿಗೇ. ಇನ್ನು ಮಲಯಾಳಂ ಸಿನಿಮಾ ರಂಗದ ಹೆಣ್ಣುಮಕ್ಕಳು, ಅವರ ಸ್ಥಿತಿಗತಿ ತಿಳಿಯಲು ಕೇರಳ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಹೇಮಾ ಸಮಿತಿಯ ಮುಂದೆ ಹೇಳಿಕೊಂಡದ್ದೆಲ್ಲ 2019ರ ಡಿಸೆಂಬರ್ 31ರಂದು ಸರ್ಕಾರದ ಕೈ ಸೇರಿತು. ಪುಟಗಳನ್ನು ಕತ್ತರಿಸಿಯಾದರೂ ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು.

ಈಗ ಗಡಿಯ ಆಚೆಗೆ, ಕರ್ನಾಟಕಕ್ಕೆ ಬನ್ನಿ. 2016ರಲ್ಲಿ ಆಗಿನ ರಕ್ಷಣಾ ಸಚಿವರು ಪಾಕಿಸ್ತಾನವನ್ನು ನರಕಕ್ಕೆ ಹೋಲಿಸಿದ್ದರು. ಅಲ್ಲಿಗೆ ಹೋಗಿ ಬಂದಿದ್ದ ನಟಿ ರಮ್ಯಾ, ಅದು ನರಕವಲ್ಲ, ಅಲ್ಲಿರುವವರೂ ನಮ್ಮಂಥ ಜನರೇ ಎಂದರು. ಸೋಮವಾರಪೇಟೆಯ ನ್ಯಾಯಾಲಯದಲ್ಲಿ ದೇಶದ್ರೋಹದ ಖಾಸಗಿ ದೂರು ದಾಖಲಾಯಿತು. ಮಂಗಳೂರಿಗೆ ಬಂದಾಗ ಅವರ ಕಾರಿಗೆ ಮೊಟ್ಟೆ ಎಸೆದರು. ಅದಕ್ಕೆ ಎಂಟು ತಿಂಗಳ ಹಿಂದೆ ಪ್ರಧಾನಿಯವರೇ ಲಾಹೋರಿಗೆ ಹೋಗಿ ಬಂದಿದ್ದರು, ಅನೇಕರು ಅದನ್ನು ಮುತ್ಸದ್ದಿತನ ಎಂದರು. 2025ರ ಜುಲೈನಲ್ಲಿ ಅದೇ ರಮ್ಯಾ, ನಟನೊಬ್ಬ ಆರೋಪಿಯಾಗಿರುವ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಸಿಗಲಿ, ಸುಪ್ರೀಂ ಕೋರ್ಟ್ ಜನಸಾಮಾನ್ಯರ ಆಶಾಕಿರಣ ಎಂಬರ್ಥದಲ್ಲಿ ಬರೆದರು. ಅದಕ್ಕೆ ಅತ್ಯಾಚಾರದ, ಕೊಲೆಯ ಬೆದರಿಕೆಗಳು ಬಂದವು. 43 ಖಾತೆಗಳ ವಿರುದ್ಧ ಅವರು ಬೆಂಗಳೂರಿನ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಆ ಪ್ರಕರಣದ ವಿಚಾರಣೆಯ ಬಗ್ಗೆ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆರೋಪಿ ನಟನಿಗೆ ಜೈಲಿನ ಬಾಗಿಲಲ್ಲೂ ಜೈಕಾರ ಸಿಕ್ಕಿತು, ನ್ಯಾಯ ಸಿಗಲಿ ಎಂದ ನಟಿಗೆ ಸಿಕ್ಕಿದ್ದು ಇದು. ನನಗೆ ಇದು ನೋವಿನ ಸಂಗತಿ.

ಒಂದು ಆಕ್ಷೇಪವನ್ನು ನಾನು ಬಲ್ಲೆ. ಹಾಗಾದರೆ ನಟಿಯರನ್ನು ಟೀಕಿಸಲೇಬಾರದೇ? ಖಂಡಿತ ಟೀಕಿಸಬೇಕು. 2005ರಲ್ಲಿ ಖುಷ್ಬೂ ಮದುವೆಗೆ ಮುಂಚಿನ ಸಂಬಂಧಗಳ ಬಗ್ಗೆ ಆಡಿದ ಮಾತು ನಿಮಗೆ ಒಪ್ಪಿಗೆಯಾಗದಿರಬಹುದು. ಒಪ್ಪುವುದಿಲ್ಲ ಎಂದು ಲೇಖನ ಬರೆಯಬಹುದಿತ್ತು. ತಮಿಳುನಾಡಿನಲ್ಲಿ ಪೊರಕೆ, ಚಪ್ಪಲಿ ಹಿಡಿದು ಬೀದಿಗಿಳಿದರು, ಇಪ್ಪತ್ತಕ್ಕೂ ಹೆಚ್ಚು ಮೊಕದ್ದಮೆ ಹೂಡಿದರು. 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವೆಲ್ಲವನ್ನೂ ರದ್ದು ಮಾಡಿತು. ಸಮಾಜ ಅನೈತಿಕ ಎನ್ನುವುದೆಲ್ಲ ಅಪರಾಧವಾಗುವುದಿಲ್ಲ ಎಂದಿತು.

ಟೀಕೆ ಮಾತಿಗೆ ಉತ್ತರ ಕೊಡುತ್ತದೆ. ಬೈಗುಳ ಮಾತನ್ನು ಮುಟ್ಟುವುದೇ ಇಲ್ಲ. ಅದು ಮೈಯ ಕಡೆಗೆ ಹೋಗುತ್ತದೆ, ಮದುವೆಯ ಕಡೆಗೆ ಹೋಗುತ್ತದೆ, ವಿಚ್ಛೇದನದ ಕಡೆಗೆ, ಹಳೆಯ ಚಿತ್ರದ ಉಡುಪಿನ ಕಡೆಗೆ ಹೋಗುತ್ತದೆ.

ಇದರಲ್ಲಿ ಯಾವ ಪಕ್ಷವೂ ಪವಿತ್ರವಲ್ಲ. ನಟಿ ಕಂಗನಾ ರಣಾವತ್ ಅವರ ರಾಜಕೀಯ ನನ್ನದಲ್ಲ. 2020ರಲ್ಲಿ ಅವರು ಊರ್ಮಿಳಾ ಮಾತೋಂಡ್ಕರ್ ಅವರನ್ನು ಅಶ್ಲೀಲ ಚಿತ್ರಗಳ ತಾರೆ ಎಂಬಂತೆ ಜರೆದದ್ದು ಅಕ್ಷಮ್ಯ. ಆದರೆ 2024ರ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಕ್ಕಾಗ ಎದುರು ಪಕ್ಷದ ವಕ್ತಾರೆಯ ಖಾತೆಯಿಂದ ಬಂದ ಮಾತೂ ಅದೇ ಮಟ್ಟದ್ದು. ಚುನಾವಣಾ ಆಯೋಗವೇ ಛೀಮಾರಿ ಹಾಕಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಚಂಡೀಗಢದ ವಿಮಾನ ನಿಲ್ದಾಣದಲ್ಲಿ ಅವರ ಕೆನ್ನೆಗೆ ಏಟು ಬಿತ್ತು. ರಮ್ಯಾರ ಕಾರಿಗೆ ಮೊಟ್ಟೆ ಬಿದ್ದಾಗ ನಕ್ಕವರು ಒಂದು ಗುಂಪು, ಕಂಗನಾರ ಕೆನ್ನೆಗೆ ಬಿದ್ದಾಗ ನಕ್ಕವರು ಇನ್ನೊಂದು. ನಗು ಮಾತ್ರ ಒಂದೇ. ನಮಗೆ ಒಗ್ಗದ ಹೆಣ್ಣಿನ ಪರವಾಗಿ ನಿಲ್ಲಲು ಆಗುತ್ತದೆಯೇ ಎಂದು ನಾವು ನಮ್ಮನ್ನು ಕೇಳಿಕೊಳ್ಳಬೇಕಾದದ್ದು ಇಲ್ಲಿ.

ನಮ್ಮೂರಿನವರೇ ಆದ ಲೇಖಕಿ ಸಾರಾ ಅಬೂಬಕ್ಕರ್ ಅವರನ್ನು ನೆನೆಯದೆ ಈ ಮಾತು ಮುಂದುವರಿಯದು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಕನ್ನಡ ಕಲಿತವರು. ಎಂಬತ್ತರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ತಲಾಖ್‌ನ ಬಗ್ಗೆ, ತಮ್ಮ ಸುತ್ತಲಿನ ಹೆಂಗಸರ ಬಾಳಿನ ಬಗ್ಗೆ ಬರೆದರು. ಸಂಪ್ರದಾಯವಾದಿಗಳ ಸಿಟ್ಟು ಎದುರಿಸಿದರು. ಅವರು 2023ರ ಜನವರಿಯಲ್ಲಿ ತೀರಿಕೊಂಡಾಗ ಎಲ್ಲರೂ ಕಂಬನಿ ಮಿಡಿದೆವು, ದಿಟ್ಟ ಲೇಖಕಿ ಎಂದೆವು. ಬದುಕಿದ್ದಾಗ ಅವರ ಮಾತಿಗೆ ಎಷ್ಟು ಜನ ಜೊತೆಗೆ ನಿಂತೆವು ಎಂಬುದು ಬೇರೆ ಲೆಕ್ಕ.

ತಾರೆಯರ ಬಳಿ ವಕೀಲರಿದ್ದಾರೆ, ಪೊಲೀಸ್ ಆಯುಕ್ತರನ್ನು ಕಾಣಬಲ್ಲರು. ಅವರಿಗೆ ಬಿದ್ದ ಬೈಗುಳವನ್ನು ಮನೆಯಲ್ಲಿ ಕುಳಿತು ಓದುವ ನಮ್ಮ ಹೆಣ್ಣುಮಕ್ಕಳ ಬಳಿ ಅದು ಯಾವುದೂ ಇಲ್ಲ. ಕಾಸರಗೋಡಿನ ಕಾಲೇಜಿನಲ್ಲಿ ಓದುವ ಹುಡುಗಿ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾವನೊಬ್ಬರು ನಟಿಯೊಬ್ಬಳ ಕುರಿತು ಕಳಿಸಿದ ಕೊಳಕು ಚಿತ್ರವನ್ನೂ ಅದಕ್ಕೆ ಬಿದ್ದ ನಗುವಿನ ಗುರುತುಗಳನ್ನೂ ನೋಡುತ್ತಾಳೆ. ನಾಳೆ ಬಸ್ಸಿನಲ್ಲಿ ಅವಳಿಗೆ ಏನಾದರೂ ಆದರೆ ಈ ಮನೆಯಲ್ಲಿ ಹೇಳಬಹುದೇ, ಬೇಡವೇ ಎಂಬುದನ್ನು ಅವಳು ಅಂದೇ ತೀರ್ಮಾನಿಸಿಬಿಡುತ್ತಾಳೆ. ಆ ಗುಂಪಿನಲ್ಲಿರುವ ಗಂಡಸರಲ್ಲಿ ಒಬ್ಬರಾದರೂ, ಅಣ್ಣಾ, ಇದನ್ನು ಅಳಿಸಿಬಿಡಿ, ಮಕ್ಕಳು ನೋಡುತ್ತಿದ್ದಾರೆ ಎಂದು ಬರೆಯಬೇಕು. ಅಷ್ಟನ್ನು ಈ ವಾರವೇ ಮಾಡಬಹುದು.

ಇನ್ನು ಪ್ರಶ್ನೆಗಳಿಗೆ ಸಮಯವಿದೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿನಿಯರು ಮೊದಲು ಕೇಳಲಿ, ಹಿರಿಯರು ದಯವಿಟ್ಟು ಕಾಯಬೇಕು.