ನೀರು ಎಲ್ಲಿಂದ ಬರುತ್ತದೆ?

ಕೇಳುಗರಿಗೆ ನಮಸ್ಕಾರ.

ಹಲವು ವರ್ಷಗಳಿಂದ ನಾನು ಒಂದು ಸ್ಥಳೀಯ ದತ್ತಿನಿಧಿಯ ಅನುದಾನ ಸಮಿತಿಯ ಸದಸ್ಯನಾಗಿದ್ದೇನೆ. ವ್ಯಾಪಾರಿಗಳು ಕೊಟ್ಟ ಹಣ, ನಿವೃತ್ತರ ಉಳಿತಾಯ, ತೀರಿಹೋದ ತಂದೆತಾಯಿಯ ನೆನಪಿಗೆಂದು ಮಕ್ಕಳು ಇಟ್ಟ ಹಣ ಎಲ್ಲವೂ ಆ ನಿಧಿಯಲ್ಲಿ ಸೇರುತ್ತದೆ. ವರ್ಷಕ್ಕೆ ಎರಡು ಬಾರಿ ಸಭೆ ಸೇರಿ, ಬಂದ ಅರ್ಜಿಗಳನ್ನು ಓದಿ, ಯಾವ ಕೆಲಸಕ್ಕೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸುತ್ತೇವೆ. ಹಣ ಕೂಡಿಸುವುದು ಕಷ್ಟ, ಕೊಡುವುದು ಸುಲಭ ಎಂದು ಸಮಿತಿಗೆ ಸೇರಿದ ಹೊಸದರಲ್ಲಿ ನಂಬಿದ್ದೆ. ಒಂದು ಮಧ್ಯಾಹ್ನದ ಸಭೆ ಆ ನಂಬಿಕೆಯನ್ನು ತಲೆಕೆಳಗು ಮಾಡಿತು.

ಅಂದು ಒಂದು ಸಣ್ಣ ಆಸ್ಪತ್ರೆಯಿಂದ ಎರಡು ಡಯಾಲಿಸಿಸ್ ಯಂತ್ರಗಳಿಗಾಗಿ ಅರ್ಜಿ ಬಂದಿತ್ತು. ಅಚ್ಚುಕಟ್ಟಾದ ಅರ್ಜಿ. ಮೂತ್ರಪಿಂಡ ಸೋತವರು ವಾರಕ್ಕೆ ಎರಡು ಮೂರು ಸಲ ದೂರದ ಆಸ್ಪತ್ರೆಗೆ ಅಲೆಯುವ ಪಾಡು, ಜೊತೆಗೆ ಹೋಗುವ ಮಗನೋ ಮಗಳೋ ಕೆಲಸ ಕಳೆದುಕೊಳ್ಳುವ ಸಂಕಟ, ಎಲ್ಲವನ್ನೂ ಮನ ಕರಗುವಂತೆ ಬರೆದಿದ್ದರು. ಸುಳ್ಳು ಒಂದಕ್ಷರವೂ ಇರಲಿಲ್ಲ. ನಾನು ಒಪ್ಪಿಗೆಯ ಸಹಿಗೆ ಪೆನ್ನು ತೆಗೆದಾಗಿತ್ತು.

ಆ ವರ್ಷ ಮೊದಲ ಬಾರಿಗೆ ಸಮುದಾಯ ಆರೋಗ್ಯ ಶುಶ್ರೂಷಕಿಯೊಬ್ಬರನ್ನು ಸಮಿತಿಗೆ ಸೇರಿಸಿಕೊಂಡಿದ್ದೆವು. ಮೂವತ್ತು ವರ್ಷ ಮನೆಮನೆ ಸುತ್ತಿದವರು. ಅವರು ಅರ್ಜಿಯ ಹಾಳೆಗಳನ್ನು ಮುಂದಕ್ಕೂ ಹಿಂದಕ್ಕೂ ತಿರುವಿ ನೋಡಿ ಕೇಳಿದ್ದು ಒಂದೇ ಮಾತು: ‘ನೀರು ಎಲ್ಲಿಂದ ಬರುತ್ತದೆ?’

ನಾವು ಮುಖ ಮುಖ ನೋಡಿಕೊಂಡೆವು.

ಅವರು ಬಿಡಿಸಿ ಹೇಳಿದರು. ಒಬ್ಬ ರೋಗಿಗೆ ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ನಡೆಸಲು ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಒಂದು ತೆಳುವಾದ ಪೊರೆಯ ಈಚೆ ಬದಿಯಲ್ಲಿ ರಕ್ತ ಹರಿಯುತ್ತಿದ್ದರೆ, ಆಚೆ ಬದಿಯಲ್ಲಿ ಆ ನೀರು ಹರಿಯುತ್ತಿರುತ್ತದೆ. ಕುಡಿಯಲು ಯೋಗ್ಯವಾದ ನೀರು ಎಂದರೆ ಸಾಲದು. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಕೂಡ ಇಲ್ಲಿ ಉಳಿಯಬಾರದು. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ನಗರದ ಒಂದು ಡಯಾಲಿಸಿಸ್ ಕೇಂದ್ರದ ನೀರಿನಲ್ಲಿ ನೀಲಿ-ಹಸಿರು ಪಾಚಿಯ ವಿಷ ಸೇರಿ 50ಕ್ಕೂ ಹೆಚ್ಚು ರೋಗಿಗಳು ಪ್ರಾಣ ಬಿಟ್ಟರು. ಯಂತ್ರಗಳನ್ನು ಬೇಡಿದ್ದ ಆ ಅರ್ಜಿಯಲ್ಲಿ ನೀರು ಶುದ್ಧೀಕರಿಸುವ ಘಟಕದ ಮಾತೇ ಇರಲಿಲ್ಲ. ಅದನ್ನು ನೋಡಿಕೊಳ್ಳುವ ತಂತ್ರಜ್ಞರಿಗೆ ಸಂಬಳ ಎಲ್ಲಿಂದ ಎಂಬುದೂ ಇರಲಿಲ್ಲ. ನಮ್ಮ ದಾನ ಒಂದು ಸಲದ್ದು, ರೋಗಿಗೆ ಡಯಾಲಿಸಿಸ್ ಬದುಕಿರುವವರೆಗೂ ಬೇಕು.

ಅವರ ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ‘ಈ ಯಂತ್ರದವರೆಗೆ ಬರುವವರ ಮೂತ್ರಪಿಂಡ ಕೆಟ್ಟದ್ದಾದರೂ ಏಕೆ?’ ಹೆಚ್ಚಿನವರಲ್ಲಿ ಅದಕ್ಕೆ ಕಾರಣ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ. ಅಧಿಕ ರಕ್ತದೊತ್ತಡವಿರುವ ವಯಸ್ಕರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ತಮಗೆ ಅದು ಇದೆಯೆಂಬುದೇ ತಿಳಿದಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರು ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅಂಚುಗಳು ಸವೆದು ಮೆತ್ತಗಾಗಿದ್ದವು. ಎಡಕ್ಕೆ ಹೆಸರುಗಳು, ಬಲಕ್ಕೆ ತಿಂಗಳ ಮನೆಗಳು. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ನೀಲಿ ಗುರುತು, ನಿಲ್ಲಿಸಿದವರಿಗೆ ಕೆಂಪು. ಒಬ್ಬರ ಹೆಸರಿನ ಮುಂದೆ ಐದು ನೀಲಿ ಗುರುತುಗಳಾದ ಮೇಲೆ ಸಾಲಾಗಿ ಕೆಂಪು ಗುರುತುಗಳು, ಆಮೇಲೆ ಖಾಲಿ. ‘ಮಾತ್ರೆ ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಮತ್ತೆ ಶುರು ಮಾಡಿಸುವ ಕೆಲಸಕ್ಕೆ ಯಾರೂ ದಾನ ಕೊಟ್ಟಿಲ್ಲ’ ಎಂದರು. ‘ಅದರ ಮೇಲೆ ದಾನಿಯ ಹೆಸರು ಬರೆಸಲು ಜಾಗವಿಲ್ಲವಲ್ಲ.’

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆಯಿದೆ. ಆರೋಗ್ಯದ ದಾನದಲ್ಲಿ ಆ ಹಲ್ಲನ್ನು ಎಣಿಸಲೇಬೇಕು, ಅದೂ ಹಸು ಕೊಟ್ಟಿಗೆಗೆ ಬರುವ ಮೊದಲೇ. 1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಲೋಕದ ನಾನಾ ಕಡೆಯಿಂದ 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿತ್ತು. ಏನೇನು ಬಂದಿದೆ ಎಂದು ವಿಂಗಡಿಸಿ ತಿಳಿಯಲು 50 ಜನರಿಗೆ ಆರು ತಿಂಗಳು ಹಿಡಿಯಿತು. ನೂರರಲ್ಲಿ ಎಂಟು ಪಾಲು ಔಷಧದ ಅವಧಿ ಬರುವಾಗಲೇ ಮುಗಿದಿತ್ತು, ನಾಲ್ಕು ಪಾಲು ಹಿಮಕ್ಕೆ ಸಿಕ್ಕಿ ಹಾಳಾಯಿತು. ಉಳಿದುದರಲ್ಲಿ ಅರ್ಧಕ್ಕೂ ಕಡಿಮೆ ಮಾತ್ರ ಆ ಹೊತ್ತಿನ ಅಗತ್ಯಕ್ಕೆ ಹೊಂದುವಂಥದ್ದು. ಕಳಿಸಿದವರು ಕೆಟ್ಟವರಲ್ಲ, ಅವರ ಕಣ್ಣೀರು ನಿಜವಾದದ್ದೇ. ಕಳಿಸುವ ಮೊದಲು ಏನು ಬೇಕೆಂದು ಕೇಳಲಿಲ್ಲ, ಅಷ್ಟೇ. ಇಂಥವನ್ನು ಕಂಡ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಬೇಕೆಂದು ಹೇಳಿದ್ದನ್ನೇ ಕೊಡಬೇಕು, ತಲುಪುವಾಗ ಔಷಧದ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು ಎಂಬುವು ಅದರ ಮುಖ್ಯ ಮಾತುಗಳು.

ಬಲ್ಲವರ ಮಾತು ಕೇಳಿ ಹಣ ಹರಿದಾಗ ಏನಾಗುತ್ತದೆ ಎಂಬುದಕ್ಕೂ ಹಳೆಯ ನಿದರ್ಶನವಿದೆ. 1909ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ರೋಗವನ್ನು ತಡೆಯಲೆಂದು ಜಾನ್ ಡಿ. ರಾಕ್‌ಫೆಲ್ಲರ್ 10 ಲಕ್ಷ ಡಾಲರ್ ಕೊಟ್ಟರು. ಅದರ ಹಿಂದಿದ್ದವರು ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞ. ಅಲ್ಲಿನ ಬಡವರನ್ನು ಸೋಮಾರಿಗಳೆಂದು ಜನ ಹಳಿಯುತ್ತಿದ್ದಾಗ, ಅದು ಸೋಮಾರಿತನವಲ್ಲ, ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುವ ಹುಳುವಿನ ಕೆಲಸ ಎಂದು ವರ್ಷಗಟ್ಟಲೆ ಹೇಳುತ್ತಾ ಬಂದವರು ಅವರು. ಆ ಹಣದಿಂದ ದೊಡ್ಡ ಆಸ್ಪತ್ರೆ ಕಟ್ಟಿಸಲಿಲ್ಲ. ಮೊದಲು ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳಲ್ಲಿ ಹುಳುವಿತ್ತು. ಆಯಾ ರಾಜ್ಯದ ಆರೋಗ್ಯ ಇಲಾಖೆಯ ಮೂಲಕವೇ ಚಿಕಿತ್ಸೆ ಕೊಡಿಸಿದರು. ಸೂಕ್ಷ್ಮದರ್ಶಕದಲ್ಲಿ ಜನರಿಗೆ ಹುಳುವಿನ ಮೊಟ್ಟೆ ತೋರಿಸಿದರು. ಶೌಚಾಲಯವಿಲ್ಲದ ಕಡೆ ಮಾತ್ರೆಯಿಂದ ವಾಸಿಯಾದ ಮಗು ಮತ್ತೆ ಅದೇ ನೆಲ ತುಳಿದು ಮತ್ತೆ ಹುಳು ಹತ್ತಿಸಿಕೊಳ್ಳುತ್ತಿತ್ತು. ಚಿಕಿತ್ಸೆಗೆ ಹಣ ಕೊಟ್ಟರೆ ಸಾಲದು, ನೆಲಕ್ಕೂ ಚಿಕಿತ್ಸೆ ಆಗಬೇಕು ಎಂಬ ಅರಿವು ಆ ಕೆಲಸದಿಂದ ಇನ್ನಷ್ಟು ಗಟ್ಟಿಯಾಯಿತು.

ಇನ್ನೊಂದು ವಿಷಯ ನನ್ನ ಮನಸ್ಸನ್ನು ಬಹಳ ಕಾಡುತ್ತದೆ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಬ್ರಿಟನ್ನಿನ ವೈದ್ಯರು 1971ರಲ್ಲಿ ಒಂದು ನಿಯಮ ಹೇಳಿದರು: ಒಳ್ಳೆಯ ವೈದ್ಯಕೀಯ ನೆರವು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಅನುದಾನದ ಅರ್ಜಿಗಳಿಗೂ ಇದು ಹೊಂದುತ್ತದೆ. ಲೆಕ್ಕಪತ್ರ ಬಲ್ಲವರು, ಚಂದವಾಗಿ ಬರೆಯಬಲ್ಲವರು, ಫೋಟೋ ತೆಗೆಯಬಲ್ಲವರು ಇರುವ ಸಂಸ್ಥೆಯ ಅರ್ಜಿ ಮೇಲಕ್ಕೆ ಬರುತ್ತದೆ. ಅರ್ಜಿ ಬರೆಯುವವರೇ ಇಲ್ಲದ ಕಡೆಯಿಂದ ಅರ್ಜಿಯೇ ಬರುವುದಿಲ್ಲ. ನಮ್ಮ ಮುಂದಿರುವ ಕಾಗದಗಳಲ್ಲಿ ಆ ಜನ ಕಾಣುವುದಿಲ್ಲ. ಅವರನ್ನು ಕಾಣಬಲ್ಲವರು ಅಲ್ಲಿ ನಡೆದಾಡಿದವರು ಮಾತ್ರ. ‘ಈ ಕಡೆಯಿಂದ ಏಕೆ ಯಾರೂ ಕೇಳಿಲ್ಲ?’ ಎಂದು ಆ ಶುಶ್ರೂಷಕಿ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಈಗ ನಾವು ಅರ್ಜಿ ಬರಲೆಂದು ಕಾಯುವುದಿಲ್ಲ; ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ನಾವೇ ಬರೆದುಕೊಳ್ಳುತ್ತೇವೆ.

ಹಾಗಾದರೆ ತಜ್ಞರು ಹೇಳಿದ್ದೇ ಕೊನೆಯ ಮಾತೇ? ಅಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಬಂದಾಗ, ಅದು ಒಂದು ಪಂಪಿನ ನೀರಿನಿಂದ ಹರಡುತ್ತಿದೆ ಎಂದು ವೈದ್ಯ ಜಾನ್ ಸ್ನೋ ಹೇಳಿದ್ದು ಎಲ್ಲರಿಗೂ ಗೊತ್ತು. ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿಯ ಹೆಸರು ಅಷ್ಟು ಜನರಿಗೆ ಗೊತ್ತಿಲ್ಲ. ಸ್ನೋ ಹೇಳುತ್ತಿರುವುದು ತಪ್ಪು ಎಂದು ಅವರು ಮೊದಲು ನಂಬಿದ್ದರು. ಅಲ್ಲಿನ ಆಡಳಿತ ನೇಮಿಸಿದ ವಿಚಾರಣಾ ಸಮಿತಿಯಲ್ಲಿ ಇಬ್ಬರೂ ಇದ್ದರು. ಪ್ರತಿ ಮನೆಯ ಪರಿಚಯವಿದ್ದ ವೈಟ್‌ಹೆಡ್ ಮತ್ತೆ ಮತ್ತೆ ಅದೇ ಬಾಗಿಲುಗಳನ್ನು ತಟ್ಟಿದರು. ಕೊನೆಗೆ 40ನೆಯ ನಂಬರಿನ ಮನೆಯಲ್ಲಿ, ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದ ಹಸುಗೂಸಿನ ತಾಯಿ ಆ ಮಗುವಿನ ಬಟ್ಟೆ ಒಗೆದ ನೀರನ್ನು ಎಲ್ಲಿ ಚೆಲ್ಲಿದೆನೆಂದು ಹೇಳಿದಳು. ಅವಳು ನೀರು ಚೆಲ್ಲಿದ ಗುಂಡಿ ಪಂಪಿನ ಬಾವಿಗೆ ತೀರಾ ಪಕ್ಕದಲ್ಲಿತ್ತು. ಮಗುವನ್ನು ಕಳೆದುಕೊಂಡ ತಾಯಿ ಆ ಮಾತನ್ನು ಹೇಳಿದ್ದು ತಾನು ಬಲ್ಲವನೆದುರು. ಸ್ನೋ ಅವರಿಗೆ ಸಿಗದ ಕೊಂಡಿ ಸಿಕ್ಕಿದ್ದು ಹಾಗೆ.

ಆದ್ದರಿಂದ ಸಮಿತಿಯಲ್ಲಿ ರೋಗಶಾಸ್ತ್ರ ಬಲ್ಲವರೂ ಬೇಕು, ಬಾಗಿಲು ತಟ್ಟಿ ಬಲ್ಲವರೂ ಬೇಕು. ಅವರನ್ನು ಕರೆಸಿದ ಮೇಲೆ ಕೆಲವು ಮರ್ಯಾದೆಗಳನ್ನು ಪಾಲಿಸಬೇಕು. ತೀರ್ಮಾನವಾದ ಮೇಲೆ ಸಹಿಗಾಗಿ ಕರೆಸುವುದು ಅವಮಾನ. ಅರ್ಜಿ ಕರೆಯುವ ಹಂತದಲ್ಲೇ ಅವರು ಇರಬೇಕು. ‘ಬೇಡ’ ಎನ್ನುವ ಹಕ್ಕು ಅವರಿಗಿರಬೇಕು, ಆ ‘ಬೇಡ’ ನಡಾವಳಿಯಲ್ಲಿ ದಾಖಲಾಗಬೇಕು. ತಜ್ಞರು ಕೆಲಸ ಮಾಡುವ ಸಂಸ್ಥೆಯದೇ ಅರ್ಜಿ ಬಂದರೆ ಅವರು ಎದ್ದು ಹೊರಗೆ ಹೋಗಬೇಕು. ಸಜ್ಜನರೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಕೂಡದು. ಸಂಬಳ ಬಿಟ್ಟು ಬರುವ ಆರೋಗ್ಯ ಕಾರ್ಯಕರ್ತೆಗೆ ಆ ದಿನದ ಕೂಲಿ, ಪ್ರಯಾಣದ ಖರ್ಚು ಕೊಡಬೇಕು. ದುಡ್ಡಿರುವವರು ಮಾತ್ರ ಬಿಟ್ಟಿ ಸಲಹೆ ಕೊಡಬಲ್ಲರು.

ಆ ಡಯಾಲಿಸಿಸ್ ಅರ್ಜಿ ಏನಾಯಿತು ಎಂದು ನೀವು ಕೇಳಬಹುದು. ಅದನ್ನು ನಾವು ತಿರಸ್ಕರಿಸಲಿಲ್ಲ. ಈಗಾಗಲೇ ನರಳುತ್ತಿರುವವರಿಗೆ, ನಿಮ್ಮ ರೋಗವನ್ನು ಮೊದಲೇ ತಡೆಯಬಹುದಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಶುಶ್ರೂಷಕಿಯೇ ಆಸ್ಪತ್ರೆಯವರ ಜೊತೆ ಕೂತು ಅರ್ಜಿಯನ್ನು ತಿದ್ದಿಸಿದರು. ಎಂಟು ತಿಂಗಳ ನಂತರ ಅದು ಮತ್ತೆ ಬಂತು. ಎರಡು ಯಂತ್ರಗಳ ಜಾಗದಲ್ಲಿ ಒಂದು. ಉಳಿದ ಹಣ ನೀರಿನ ಘಟಕಕ್ಕೆ, ತಂತ್ರಜ್ಞರ ಮೂರು ವರ್ಷದ ಸಂಬಳಕ್ಕೆ, ಮಾತ್ರೆ ಬಿಟ್ಟವರನ್ನು ಹುಡುಕಿ ಹೋಗುವ ಇಬ್ಬರು ಕಾರ್ಯಕರ್ತೆಯರಿಗೆ. ಆ ಎಂಟು ತಿಂಗಳು ದೂರದ ಆಸ್ಪತ್ರೆಗೆ ಅಲೆದವರ ದಣಿವನ್ನು ನಾನು ಮರೆತಿಲ್ಲ.

ಯಂತ್ರ ಶುರುವಾದ ಕೆಲವು ವಾರಗಳಿಗೆ ನಾವು ನೋಡಲು ಹೋದೆವು. ಉಳಿದವರೆಲ್ಲ ದಾನಿಗಳ ಹೆಸರಿನ ಫಲಕದ ಮುಂದೆ ನಿಂತಿದ್ದಾಗ ಆ ಶುಶ್ರೂಷಕಿ ನೇರವಾಗಿ ಹಿಂದಿನ ನೀರಿನ ಕೋಣೆಗೆ ಹೋದರು. ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ದಿನವೂ ಕ್ಲೋರಿನ್ ಪರೀಕ್ಷೆಯ ಫಲಿತಾಂಶ ಬರೆಯಬೇಕು. ಅಂದಿನ ಮನೆ ಖಾಲಿಯಿತ್ತು. ತಂತ್ರಜ್ಞರನ್ನು ಕರೆಸಿ, ಪರೀಕ್ಷೆ ಮುಗಿದು, ಅಂಕಿ ಬರೆದು, ಕೆಳಗೆ ಸಹಿ ಬೀಳುವವರೆಗೆ ಅಲ್ಲೇ ನಿಂತಿದ್ದರು. ಆಮೇಲೆ ರೋಗಿಗಳನ್ನು ಮಾತಾಡಿಸಲು ಬಂದರು.

ನಮಸ್ಕಾರ.