ಮಂಗಳನ ಕೆರೆ ಕೋಡಿ ಬಿದ್ದಿತ್ತು

ಕೇಳುಗರೇ, ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಎರಡು ಕಲ್ಲುಗಳಿವೆ. ಒಂದು, ತೀರ್ಥಹಳ್ಳಿಯಲ್ಲಿ ತುಂಗೆಯ ದಡದಿಂದ ಆಯ್ದು ತಂದದ್ದು. ನಿಂಬೆಹಣ್ಣಿನಷ್ಟು ದಪ್ಪ, ನುಣುಪು, ಎಲ್ಲೂ ಒಂದು ಮೂಲೆ ಇಲ್ಲ. ಇನ್ನೊಂದು, ರಸ್ತೆ ಕೆಲಸಕ್ಕೆ ತಂದು ಸುರಿದಿದ್ದ ಜಲ್ಲಿ. ಗಟ್ಟಿಯಾಗಿ ಹಿಡಿದರೆ ಅಂಗೈಗೆ ಚುಚ್ಚುತ್ತದೆ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವುದು ಹೊಳೆಕಲ್ಲು ಅಂತ ಚಿಕ್ಕ ಮಗು ಕೂಡ ಹೇಳಿಬಿಡುತ್ತದೆ. ನೀರು ಉರುಳಿಸಿ, ಒಂದಕ್ಕೊಂದು ತಿಕ್ಕಿಸಿ, ಎಷ್ಟೋ ಮಳೆಗಾಲ ಸವೆಸಿದ ಕಲ್ಲು ಅದು.

2012ರ ಸೆಪ್ಟೆಂಬರಿನಲ್ಲಿ ಇಂಥ ಹೊಳೆಕಲ್ಲು ಮಂಗಳ ಗ್ರಹದಲ್ಲಿ ಕಂಡಿತು. ಅಮೆರಿಕದ ನಾಸಾ ಕಳಿಸಿದ ಕ್ಯೂರಿಯಾಸಿಟಿ ರೋವರ್, ಅಂದರೆ ಆರು ಗಾಲಿಯ ಯಂತ್ರದ ಗಾಡಿ, ಗೇಲ್ ಎಂಬ ದೊಡ್ಡ ಕುಳಿಯಲ್ಲಿ ಇಳಿದು ಆಗ ಎರಡು ತಿಂಗಳೂ ಆಗಿರಲಿಲ್ಲ. ದಾರಿಯಲ್ಲಿ ಒಂದು ಬಂಡೆ ಕಂಡಿತು. ಯಾರೋ ಅಗೆದು ಎಬ್ಬಿಸಿದ ಕಾಂಕ್ರೀಟ್ ಚಪ್ಪಡಿಯ ಹಾಗೆ ಓರೆಯಾಗಿ ಎದ್ದು ನಿಂತಿತ್ತು. ಅದರ ಫೋಟೊ ನೋಡಿದರೆ ಬಂಡೆಯ ಮೈತುಂಬಾ ಉರುಟು ಕಲ್ಲುಗಳು ಅಂಟಿಕೊಂಡಿವೆ. ಕೆಲವು ಮರಳಿನ ಕಾಳಿನಷ್ಟು, ಕೆಲವು ನನ್ನ ಕೈಯಲ್ಲಿರುವ ಈ ಕಲ್ಲಿನಷ್ಟು.

ಗಾಳಿ ಸವೆಸಿರಬಹುದಲ್ವಾ ಅಂತ ನೀವು ಕೇಳಬಹುದು. ವಿಜ್ಞಾನಿಗಳೂ ಮೊದಲು ಅದನ್ನೇ ಕೇಳಿಕೊಂಡರು. ಆದರೆ ಅಷ್ಟು ದಪ್ಪದ ಕಲ್ಲನ್ನು ಗಾಳಿ ಹೊತ್ತು ತರಲಾರದು. ನೀರೇ ಬೇಕು. ಕಲ್ಲುಗಳ ಗಾತ್ರ ನೋಡಿ ಅವರು ಲೆಕ್ಕ ಹಾಕಿದರು. ನೀರಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಆಳ ಪಾದದ ಗಂಟಿನಿಂದ ಸೊಂಟದ ತನಕ. ಅಂದರೆ ನಮ್ಮ ಊರುಗಳಲ್ಲಿ ಪಂಚೆ, ಸೀರೆ ಎತ್ತಿ ಕಟ್ಟಿಕೊಂಡು ದಾಟುತ್ತೇವಲ್ಲ, ಅಂಥ ಒಂದು ಹಳ್ಳ. ಇನ್ನೊಂದು ಗ್ರಹದ ಮೇಲೆ. ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ದೊಡ್ಡ ದೊಡ್ಡ ಸಾಗರದ ಮಾತು ಕೇಳಿದಾಗಲೂ ಹಾಗೆ ಅನ್ನಿಸಿರಲಿಲ್ಲ. ಸೊಂಟಮಟ್ಟದ ಹಳ್ಳ ಅಂದಾಗ ಮಂಗಳ ಒಂದು ಜಾಗ ಆಯಿತು, ಕಾಲಿಡಬಹುದಾದ ಜಾಗ.

ಅಲ್ಲಿ ನೀರು ಹರಿದಿತ್ತು ಎಂಬ ಗುಮಾನಿ ಅದಕ್ಕಿಂತ ಹಳೆಯದು. 1971ರಲ್ಲಿ ಮ್ಯಾರಿನರ್ 9 ಎಂಬ ನೌಕೆ ಮಂಗಳನ ಸುತ್ತ ತಿರುಗಲು ಶುರುಮಾಡಿತು. ಅದು ಹೋದಾಗ ಇಡೀ ಗ್ರಹ ದೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಏನೂ ಕಾಣದು. ದೂಳು ಇಳಿದ ಮೇಲೆ ಒಣಗಿದ ನದಿ ಪಾತ್ರಗಳು, ಅವಕ್ಕೆ ಬಂದು ಸೇರುವ ಕಿರುಹಳ್ಳಗಳು ಫೋಟೊಗಳಲ್ಲಿ ಕಂಡವು. ಅಲ್ಲಿಂದ ಈಚೆಗೆ ಒಂದರ ಹಿಂದೊಂದು ನೌಕೆ ಆ ನೀರಿನ ಜಾಡು ಹಿಡಿದೇ ಹೋಗಿವೆ.

2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ರೋವರ್ ಇಳಿದ ಜಾಗದ ಹೆಸರು ಜೆಜೆರೊ. ಬಾಸ್ನಿಯಾ ದೇಶದ ಒಂದು ಊರಿನ ಹೆಸರು ಅದು. ಆ ಕಡೆಯ ಹಲವು ಭಾಷೆಗಳಲ್ಲಿ ಆ ಮಾತಿಗೆ ಸರೋವರ ಎಂದೇ ಅರ್ಥ. 45 ಕಿಲೋಮೀಟರ್ ಅಗಲದ ಕುಳಿ. ಪಶ್ಚಿಮದ ಅಂಚು ಒಡೆದುಕೊಂಡು ಒಂದು ನದಿ ಒಳಗೆ ಬಂದಿದೆ. ಬಂದ ಕಡೆ ಮಣ್ಣು, ಮರಳು ಬೀಸಣಿಗೆಯ ಹಾಗೆ ಹರಡಿದೆ, ಕಾವೇರಿ ಸಮುದ್ರ ಸೇರುವ ಮುಂಚೆ ತಂಜಾವೂರಿನ ಕಡೆ ಹರಡಿಕೊಂಡ ಹಾಗೆ. ಇಷ್ಟೇ ಆಗಿದ್ದರೆ ನೀರು ಬಂದು ಅಲ್ಲೇ ಇಂಗಿಹೋಯಿತು ಅನ್ನಬಹುದಿತ್ತು. ಆದರೆ ಪೂರ್ವದ ಅಂಚಿನಲ್ಲಿ ಇನ್ನೊಂದು ಕಣಿವೆ ಇದೆ, ಹೊರಗೆ ಹೋಗುವ ಕಣಿವೆ. ಕೆರೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಳಿ ತುಂಬಿ, ನೀರು ಅಂಚು ಮುಟ್ಟಿ, ತಗ್ಗಿದ್ದ ಕಡೆಯಿಂದ ಹೊರಗೆ ಹಾರಿದೆ. ಜೆಜೆರೊ ಕೆರೆ ಕೋಡಿ ಬಿದ್ದಿತ್ತು. ಸುಮಾರು 350 ಕೋಟಿ ವರ್ಷಗಳ ಹಿಂದಿನ ಮಾತು. ನಮ್ಮ ಭೂಮಿಯ ಮೇಲೆ ಆಗ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಹಾಗಾದರೆ ಅಷ್ಟು ನೀರು ಎಲ್ಲಿ ಹೋಯಿತು?

ಮಂಗಳ ಭೂಮಿಗಿಂತ ಚಿಕ್ಕದು. ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತೂಕದಲ್ಲಿ ಹತ್ತನೇ ಒಂದು ಪಾಲು. ಚಿಕ್ಕ ಪಾತ್ರೆಯ ಸಾರು ಬೇಗ ಆರುವ ಹಾಗೆ ಅದರ ಒಡಲು ಬೇಗ ಆರುತ್ತಾ ಬಂತು. ಒಳಗಿನ ಕರಗಿದ ಕಬ್ಬಿಣ ಕದಡುವುದು ನಿಂತಿತು. ಅದು ಕದಡುತ್ತಿದ್ದಷ್ಟು ದಿನ ಗ್ರಹದ ಸುತ್ತ ಅಯಸ್ಕಾಂತದ ಒಂದು ಕೊಡೆ ಇತ್ತು, ಭೂಮಿಗೆ ಈಗಲೂ ಇರುವ ಹಾಗೆ. ಸುಮಾರು 400 ಕೋಟಿ ವರ್ಷಗಳ ಹಿಂದೆ ಆ ಕೊಡೆ ಹೋಯಿತು. ಸೂರ್ಯನಿಂದ ಸದಾ ಬೀಸುವ ಕಣಗಳ ಗಾಳಿಗೆ ಮಂಗಳನ ಹವೆ ತೆರೆದುಕೊಂಡಿತು. ಕೋಟಿಗಟ್ಟಲೆ ವರ್ಷ ಬೀಸಿ ಬೀಸಿ ಅದು ಹವೆಯನ್ನು ಕಿತ್ತುಕೊಂಡು ಹೋಯಿತು. ಹವೆ ತೆಳುವಾಯಿತು, ನೆಲದ ಮೇಲೆ ನೀರು ನಿಲ್ಲದಾಯಿತು.

ಇದನ್ನು ಹೇಗೆ ಕಂಡುಹಿಡಿದರು ಎನ್ನುವುದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ವಾ? ಮೊರ ಎತ್ತಿ ಸುರಿದಾಗ ಜೊಳ್ಳು ಗಾಳಿಗೆ ಹಾರಿಹೋಗುತ್ತದೆ, ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ನೀರಿನಲ್ಲಿರುವ ಹೈಡ್ರೋಜನ್ನಿನಲ್ಲೂ ಹಗುರದ್ದು, ಭಾರದ್ದು ಎಂದು ಎರಡಿವೆ. ಭಾರದ್ದಕ್ಕೆ ಡ್ಯುಟೀರಿಯಮ್ ಅನ್ನುತ್ತಾರೆ. ಹಗುರದ್ದು ಸುಲಭವಾಗಿ ಹಾರಿಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಮಂಗಳನಲ್ಲಿ ಈಗ ಉಳಿದಿರುವ ನೀರಿನಲ್ಲಿ ಭಾರದ ಪಾಲು ನಮ್ಮ ಸಮುದ್ರದ ನೀರಿಗಿಂತ 5–6 ಪಟ್ಟು ಜಾಸ್ತಿ. ಅಂದರೆ ಹಾರಿಹೋದದ್ದು ಬಹಳ. ಇಡೀ ಗ್ರಹದ ಮೇಲೆ ಸಮನಾಗಿ ಹರಡಿದರೆ 100 ಮೀಟರಿಗಿಂತ ಜಾಸ್ತಿ ಆಳ ಬರುವಷ್ಟು ನೀರು ಒಂದು ಕಾಲಕ್ಕೆ ಇತ್ತು ಎಂದು 2015ರಲ್ಲಿ ನಾಸಾ ವಿಜ್ಞಾನಿಗಳು ಇದೇ ದಾರಿಯಲ್ಲಿ ಲೆಕ್ಕ ಹಾಕಿದರು.

ಈ ಭಾರ–ಹಗುರದ ಅಳತೆಗೆಂದೇ ನಮ್ಮ ಮಂಗಳಯಾನದಲ್ಲಿ ಒಂದು ಉಪಕರಣ ಇತ್ತು. ಲೈಮನ್ ಆಲ್ಫಾ ಫೋಟೋಮೀಟರ್. ತೂಕ ಎರಡು ಕಿಲೋ ಕೂಡ ಇಲ್ಲ. ಬೆಂಗಳೂರಿನಲ್ಲೇ ಇಸ್ರೋದ ಪ್ರಯೋಗಾಲಯದಲ್ಲಿ ಮಾಡಿದ್ದು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳನ ಕಕ್ಷೆ ಸೇರಿತು. ಆರು ತಿಂಗಳು ಬಾಳಿದರೆ ಸಾಕು ಎಂದು ಕಳಿಸಿದ್ದು 2022ರ ತನಕ ಬಾಳಿತು. ಅದರ ಮಾತು ಕೇಳುತ್ತಿದ್ದ 32 ಮೀಟರಿನ ಬಿಳಿ ಆಂಟೆನಾ ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ಇದೆ. ನೌಕೆ ಕಕ್ಷೆ ಸೇರಿದ ಆ ದಿನ ಬೆಳಿಗ್ಗೆ ಒಂದು ಸಂಗತಿಯನ್ನು ಎಲ್ಲರೂ ಗಮನಿಸಿದರು. ಅಲ್ಲಿ ನಡೆದದ್ದು ಇಲ್ಲಿಗೆ ತಿಳಿಯಲು ಸುಮಾರು 12 ನಿಮಿಷ ಬೇಕಾಗಿತ್ತು. ಬೆಳಕಿನ ವೇಗದಲ್ಲಿ ಬಂದರೂ ಅಷ್ಟು. ಈ 12 ನಿಮಿಷವನ್ನು ನೆನಪಿಟ್ಟುಕೊಳ್ಳಿ.

ನೀರೆಲ್ಲ ಆಕಾಶಕ್ಕೇ ಹೋಯಿತು ಅಂತಲ್ಲ. ಮನೆ ಕಟ್ಟುವಾಗ ಸಿಮೆಂಟಿಗೆ ಹಾಕಿದ ನೀರಿನ ಒಂದು ಪಾಲು ಸಿಮೆಂಟಿನೊಳಗೇ ಸೇರಿ ಗಟ್ಟಿಯಾಗುತ್ತದಲ್ಲ, ಹಾಗೆ ಅಲ್ಲಿಯೂ ಬಹಳಷ್ಟು ನೀರು ಕಲ್ಲು, ಜೇಡಿಯ ಒಳಗೆ ಸೇರಿಕೊಂಡಿದೆ. ಉಳಿದದ್ದು ಮಂಜುಗಡ್ಡೆಯಾಗಿ ಕೂತಿದೆ.

2008ರಲ್ಲಿ ಫೀನಿಕ್ಸ್ ಎಂಬ ನೌಕೆ ಮಂಗಳನ ಉತ್ತರದ ಬಯಲಿನಲ್ಲಿ ಇಳಿದು, ತನ್ನ ಯಂತ್ರದ ಕೈಯಿಂದ ಕೆಲವೇ ಅಂಗುಲ ಅಗೆಯಿತು. ಗುಂಡಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಪಗಡೆಯ ದಾಳದಷ್ಟು ಗಾತ್ರದ ಕೆಲವು ಬಿಳಿ ಚೂರುಗಳು ಗುಂಡಿಯ ಮೂಲೆಯಲ್ಲಿ ಬಿದ್ದಿದ್ದವು. ಉಪ್ಪೋ ಮಂಜೋ ಗೊತ್ತಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಫೋಟೊ ತೆಗೆದರೆ ಚೂರುಗಳು ಮಾಯ! ದೇವರ ಮನೆಯಲ್ಲಿ ಕರ್ಪೂರದ ಡಬ್ಬಿಯ ಮುಚ್ಚಳ ಹಾಕದೆ ಬಿಟ್ಟರೆ ಏನಾಗುತ್ತದೆ? ಕರಗಿ ನೀರಾಗುವುದಿಲ್ಲ, ಹಾಗೇ ಗಾಳಿಗೆ ಹೋಗಿಬಿಡುತ್ತದೆ. ಮಂಗಳನ ತೆಳು ಹವೆಯಲ್ಲಿ ಮಂಜುಗಡ್ಡೆಯೂ ಹಾಗೆಯೇ. ಉಪ್ಪಾಗಿದ್ದರೆ ಅಲ್ಲೇ ಇರುತ್ತಿತ್ತು. ಹೋಯಿತು ಅಂದ ಮೇಲೆ ಅದು ನೀರಿನ ಮಂಜೇ.

2021ರ ಡಿಸೆಂಬರ್ 24ರಂದು ಇನ್ನೊಂದು ನಡೆಯಿತು. ಒಂದು ಉಲ್ಕೆ ಬಂದು ಮಂಗಳನ ನೆಲಕ್ಕೆ ಬಡಿಯಿತು. ಎಷ್ಟೋ ದೂರದಲ್ಲಿದ್ದ ಇನ್‌ಸೈಟ್ ನೌಕೆಯ ಭೂಕಂಪ ಮಾಪಕಕ್ಕೆ ಆ ನಡುಕ ತಿಳಿಯಿತು. ಮೇಲಿನಿಂದ ಫೋಟೊ ತೆಗೆದು ನೋಡಿದರೆ ಸುಮಾರು 150 ಮೀಟರ್ ಅಗಲದ ಹೊಸ ಗುಂಡಿ. ಸುತ್ತ ಕೆಂಪು ಮಣ್ಣಿನ ಮೇಲೆ ಬೆಳ್ಳನೆಯ ಮಂಜಿನ ತುಂಡುಗಳು ಚೆಲ್ಲಾಡಿದ್ದವು. ಇದು ಧ್ರುವದ ಹತ್ತಿರ ಅಲ್ಲ, ಸಾಕಷ್ಟು ಬೆಚ್ಚಗಿನ ಪ್ರದೇಶ. ಮನುಷ್ಯರು ಇಳಿಯಬಹುದಾದ ಭಾಗದಲ್ಲಿ, ನೆಲದ ಕೆಳಗೆ ನೀರಿದೆ ಎಂದು ಆ ಉಲ್ಕೆ ಅಗೆದು ತೋರಿಸಿಹೋಯಿತು.

ಈಗ ಅಲ್ಲಿ ಮನುಷ್ಯರು ವಾಸ ಮಾಡುವ ಮಾತಿಗೆ ಬರುತ್ತೇನೆ. ನಮ್ಮ ಹಿರಿಯರು ಊರು ಕಟ್ಟುವ ಮುಂಚೆ ನೀರು ನೋಡುತ್ತಿದ್ದರು. ಅರಸೀಕೆರೆ, ದಾವಣಗೆರೆ, ಹೊಳಲ್ಕೆರೆ ಎಂದು ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಊರುಗಳು ನಮ್ಮವು. ಮಂಗಳನಲ್ಲಿ ಮನೆ ಮಾಡುವವರಿಗೂ ಅದೇ ಮೊದಲ ಕೆಲಸ. ನೀರಿದ್ದರೆ ಕುಡಿಯಬಹುದು. ಒಡೆದು ಆಮ್ಲಜನಕ ಪಡೆಯಬಹುದು. ವಾಪಸ್ ಬರಲು ರಾಕೆಟ್ಟಿಗೆ ಇಂಧನವನ್ನೂ ಅಲ್ಲೇ ಮಾಡಿಕೊಳ್ಳಬಹುದು.

ಉಸಿರಿಗೆ ಇನ್ನೊಂದು ದಾರಿಯೂ ಇದೆ. ಅಲ್ಲಿನ ಹವೆಯಲ್ಲಿ ನೂರಕ್ಕೆ 95 ಭಾಗ ಇಂಗಾಲದ ಡೈಆಕ್ಸೈಡ್. ಅದರಿಂದ ಆಮ್ಲಜನಕ ತೆಗೆಯುವ ಮಾಕ್ಸಿ ಎಂಬ ಪೆಟ್ಟಿಗೆಯನ್ನು ಪರ್ಸಿವರೆನ್ಸ್ ಜೊತೆ ಕಳಿಸಿದ್ದರು. 2021ರಿಂದ 2023ರ ತನಕ 16 ಸಲ ಓಡಿಸಿದರು. ಒಟ್ಟು ಸಿಕ್ಕಿದ್ದು 122 ಗ್ರಾಂ. ಒಬ್ಬ ಮನುಷ್ಯನಿಗೆ ಮೂರೂವರೆ ಗಂಟೆಯ ಉಸಿರು. ಕಡಿಮೆ ಅನ್ನಿಸುತ್ತದೆ. ಆದರೂ ಬೇರೆ ಗ್ರಹದ ಗಾಳಿಯಿಂದ ಮನುಷ್ಯ ಮಾಡಿಕೊಂಡ ಮೊದಲ ಉಸಿರು ಅದು. ನನಗಂತೂ ಅದು ದೊಡ್ಡದು.

ಇನ್ನು ಕಷ್ಟಗಳು. ಹವೆಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಸೂಟ್ ಇಲ್ಲದೆ ಒಂದು ನಿಮಿಷ ನಿಲ್ಲಲಾಗದು. ಚಳಿ ಸರಾಸರಿ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ವಿಕಿರಣ ಇನ್ನೂ ಕಠಿಣ. ಕ್ಯೂರಿಯಾಸಿಟಿ ನೆಲದ ಮೇಲೆ ಅಳೆದ ಪ್ರಕಾರ, ನಾವು ಭೂಮಿಯಲ್ಲಿ ನಿಸರ್ಗದಿಂದ ಪಡೆಯುವುದರ ಸುಮಾರು 100 ಪಟ್ಟು. ಹಾಗಾಗಿ ಮನೆಗಳು ಮಣ್ಣಿನ ಕೆಳಗೆ, ಇಲ್ಲವೇ ಹಳೆಯ ಲಾವಾ ಹರಿದು ಉಳಿದ ಗುಹೆಗಳಲ್ಲಿ ಇರಬೇಕಾಗುತ್ತದೆ. ಮಣ್ಣಿನಲ್ಲಿ ಬೆಳೆ ತೆಗೆಯೋಣ ಅಂದರೆ ಅದರಲ್ಲಿ ಪರ್ಕ್ಲೋರೇಟ್ ಎಂಬ ಲವಣ ಇದೆ. ಥೈರಾಯ್ಡ್ ಗ್ರಂಥಿಗೆ ಕೆಟ್ಟದ್ದು. ತೊಳೆದರೆ ಹೋಗುತ್ತದೆ, ಆದರೆ ತೊಳೆಯಲು ಮತ್ತೆ ನೀರೇ ಬೇಕು!

ಹೋಗುವ ದಾರಿ 6ರಿಂದ 9 ತಿಂಗಳು. ಅದೂ 26 ತಿಂಗಳಿಗೊಮ್ಮೆ ಮಾತ್ರ ಗ್ರಹಗಳು ಸರಿಯಾದ ಜಾಗಕ್ಕೆ ಬರುತ್ತವೆ. ಅಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಆಂಬುಲೆನ್ಸ್ ಇಲ್ಲ. ಆ 12 ನಿಮಿಷ ನೆನಪಿದೆಯಾ? ಗ್ರಹಗಳು ದೂರ ಇದ್ದಾಗ 22 ನಿಮಿಷದ ತನಕ ಹೋಗುತ್ತದೆ. "ಅಮ್ಮಾ, ಹೇಗಿದ್ದೀಯಾ?" ಎಂದು ಕೇಳಿದರೆ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ವಿಕಿರಣಕ್ಕೆ ಗೋಡೆ ಕಟ್ಟಬಹುದು. ಇದಕ್ಕೆ ಏನು ಕಟ್ಟುವುದು? ನನ್ನನ್ನು ಹೆಚ್ಚು ಕಾಡುವುದು ಈ ದೂರ.

ನನ್ನ ಅಭಿಪ್ರಾಯ ಕೇಳಿದರೆ, ನಾವು ಹೋಗುತ್ತೇವೆ. ಅಂಟಾರ್ಕ್ಟಿಕಾಕ್ಕೆ ಹೋದ ಹಾಗೆ ಮೊದಲು ನಾಲ್ಕು ಜನ, ಹತ್ತು ಜನ, ಸ್ವಲ್ಪ ದಿನ ಇದ್ದು ಬರುತ್ತಾರೆ. ಲಕ್ಷಾಂತರ ಜನರ ಪಟ್ಟಣ ಇನ್ನು ಕೆಲವೇ ದಶಕದಲ್ಲಿ ಎದ್ದು ನಿಲ್ಲುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಮುಂಚೆ ಮುಗಿಸಬೇಕಾದ ಒಂದು ಕೆಲಸವೂ ಇದೆ.

2024ರ ಜುಲೈನಲ್ಲಿ ಪರ್ಸಿವರೆನ್ಸ್, ಜೆಜೆರೊಗೆ ನೀರು ತಂದಿದ್ದ ಅದೇ ಹಳೆಯ ನದಿ ಪಾತ್ರದಲ್ಲಿ ಒಂದು ಬಂಡೆ ಕಂಡಿತು. ಕೆಂಪು ಕಲ್ಲಿನ ಮೇಲೆ ಚಿರತೆಯ ಮೈಮೇಲಿನ ಹಾಗೆ ಚುಕ್ಕೆಗಳು. ನಡುವೆ ತಿಳಿ ಬಣ್ಣ, ಸುತ್ತ ಕಪ್ಪು ಅಂಚು. ಆ ಅಂಚಿನಲ್ಲಿ ಕಬ್ಬಿಣ, ರಂಜಕ. ಭೂಮಿಯಲ್ಲಿ ಕೆಸರಿನೊಳಗಿನ ಸೂಕ್ಷ್ಮಜೀವಿಗಳು ಉಣ್ಣುವಾಗ ಇಂಥ ಖನಿಜ ಉಳಿಯುವುದುಂಟು. ಜೀವ ಇಲ್ಲದೆಯೂ ಆಗಬಹುದು. ಅದಕ್ಕೇ 2025ರ ಸೆಪ್ಟೆಂಬರಿನಲ್ಲಿ ವಿಜ್ಞಾನಿಗಳು ಬಹಳ ಎಚ್ಚರದಿಂದ, ಇದು ಜೀವದ ಗುರುತು ಇರಬಹುದು ಎಂದಷ್ಟೇ ಬರೆದರು. ಆ ಬಂಡೆಯಿಂದ ಕೊರೆದ ತುಂಡು ರೋವರಿನ ಒಂದು ಕೊಳವೆಯಲ್ಲಿ ಭದ್ರವಾಗಿದೆ. ಅದನ್ನು ಇಲ್ಲಿಗೆ ತರುವ ದಾರಿ ಇನ್ನೂ ಗಟ್ಟಿಯಾಗಿಲ್ಲ.

ನಾವು ಹೋದರೆ ನಮ್ಮ ಮೈಯಲ್ಲಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳೂ ಜೊತೆಗೆ ಹೋಗುತ್ತವೆ. ಬೇರೆ ಲೋಕಗಳನ್ನು ಕೆಡಿಸಬಾರದೆಂದು 1967ರ ಬಾಹ್ಯಾಕಾಶ ಒಪ್ಪಂದದಲ್ಲೇ ದೇಶಗಳು ಒಪ್ಪಿಕೊಂಡಿವೆ. ಮಂಗಳನಲ್ಲಿ ನೀರಿರುವ ಜಾಗವೇ ನಮಗೆ ಬೇಕು. ಅಲ್ಲಿ ಯಾವುದಾದರೂ ಜೀವ ಉಳಿದಿದ್ದರೆ ಅದಕ್ಕೂ ಅದೇ ಜಾಗ ಬೇಕು. ಹಾಗಾಗಿ ಆ ಕೊಳವೆಯನ್ನು ಮೊದಲು ತಂದು, ತೆರೆದು, ನೋಡಿ, ಆಮೇಲೆ ಗುದ್ದಲಿ ಹಿಡಿಯಬೇಕು ಎಂದು ನನ್ನ ಆಸೆ.

2027ರ ಫೆಬ್ರವರಿ 19ರ ಆಸುಪಾಸಿನಲ್ಲಿ ಮಂಗಳ ನಮಗೆ ಹತ್ತಿರ ಬರುತ್ತದೆ. ಹತ್ತಿರ ಅಂದರೆ 10 ಕೋಟಿ ಕಿಲೋಮೀಟರ್. ಸೂರ್ಯ ಮುಳುಗಿದ ಮೇಲೆ ಪೂರ್ವಕ್ಕೆ ತಿರುಗಿ. ಸಿಂಹ ರಾಶಿಯ ಮಖಾ ನಕ್ಷತ್ರದ ಪಕ್ಕದಲ್ಲಿ, ಅದಕ್ಕಿಂತ ಪ್ರಖರವಾಗಿ, ಕೆಂಡದ ಬಣ್ಣದಲ್ಲಿ ಕಾಣುತ್ತದೆ. ದೂರದರ್ಶಕ ಬೇಡ, ಬರಿಗಣ್ಣು ಸಾಕು. ಮಕ್ಕಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ. ಕೈಗೊಂದು ಹೊಳೆಕಲ್ಲು ಕೊಟ್ಟು, ಇಂಥದ್ದೇ ಅಲ್ಲಿಯೂ ಇದೆ ಅಂತ ತೋರಿಸಿ.

ನಮಸ್ಕಾರ.